ಕಾಗದದ ಸೆಂಪಾಸೂಚಿಲ್: ಪುಯೆಬ್ಲಾದ ಒಂದು ಒಫ್ರೆಂದಾಗೆ ಚೆಂಡು ಹೂ ಮಾಡಿದ ಕೆಲಸ

ಕಾಗದದಲ್ಲಿ ಹೂ ಮಾಡುವುದು ಸುಲಭ. ಆ ಹೂ ಚೆಂಡು ಹೂವೇ ಅನ್ನಿಸುವಂತೆ ಮಾಡುವುದು ಮಾತ್ರ ಸ್ವಲ್ಪ ಕೈ ಕೇಳುವ ಕೆಲಸ. ಎಂಟು ತೆಳು ಹಾಳೆ ಜೋಡಿಸಿ, ನೆರಿಗೆ ಹಿಡಿದು, ನಡುವೆ ತಂತಿ ಸುತ್ತಿ, ಒಂದೊಂದೇ ಪದರ ಎತ್ತಿ ಬಿಡಿಸಿದರೆ ದುಂಡಗಿನದೊಂದು ಹೂ ಬರುತ್ತದೆ. ಹುಟ್ಟುಹಬ್ಬದ ಮನೆಯ ಗೋಡೆಗೆ ಅದು ಸಾಕು. ಆದರೆ ಮೆಕ್ಸಿಕೊದ ಪುಯೆಬ್ಲಾದಲ್ಲಿ ಅಕ್ಟೋಬರ್ ಕೊನೆಗೆ ರಸ್ತೆ ಬದಿಯಲ್ಲೆಲ್ಲ ನಿಜವಾದ ಹೂವಿನ ರಾಶಿ ಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಈ ಹುಟ್ಟುಹಬ್ಬದ ಹೂ ಇಟ್ಟರೆ ಯಾರಾದರೂ ಮೂಗು ಮುರಿಯುತ್ತಾರೆ. ನಮ್ಮ ಕೆಳಗಿನ ಮನೆಯ ಅಜ್ಜಿಯಂತೂ ಮುರಿಯದೆ ಬಿಡುವವರಲ್ಲ. ಅವರನ್ನು ಓಣಿಯವರೆಲ್ಲ ದೋನ್ಯಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಮನೆಯ ಒಫ್ರೆಂದಾದ, ಅಂದರೆ ಸತ್ತವರಿಗೆ ಎಡೆ ಇಡುವ ಅಲಂಕಾರದ ಮೇಜಿನ, ಕಮಾನಿಗೆ ಮತ್ತು ಅವರ ಯಜಮಾನರ ಸಮಾಧಿಗೆ ಬೇಕಾದ ಕಾಗದದ ಹೂ ಈ ಸಲ ನನ್ನ ಪಾಲಿಗೆ ಬಂತು. ಅದನ್ನು ಹೇಗೆ ಮಾಡಿದೆ, ಯಾವ ಕಾಗದ ಎಲ್ಲಿಗೆ ಸರಿ ಹೋಯಿತು ಅನ್ನೋದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದಿಯಾ ದೆ ಮುಯೆರ್ತೊಸ್ ಅಂದರೆ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುವ ದಿನಗಳು. ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, ನವೆಂಬರ್ 2 ದೊಡ್ಡವರಿಗೆ. ಹಲವು ಕಡೆ ಅಪಘಾತದಲ್ಲಿ ಹೋದವರಿಗೆ ಅಂತ ಅಕ್ಟೋಬರ್ 28ರಿಂದಲೇ ದೀಪ ಹಚ್ಚುತ್ತಾರೆ. ಯುನೆಸ್ಕೊ 2008ರಲ್ಲಿ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಮೇಜಿನ ಮೇಲೋ ಮೆಟ್ಟಿಲು ಮೆಟ್ಟಿಲಾಗಿಯೋ ಒಫ್ರೆಂದಾ ಕಟ್ಟುತ್ತಾರೆ. ಅದರಲ್ಲಿ ಫೋಟೊ, ಮೇಣದ ದೀಪ, ಒಂದು ಲೋಟ ನೀರು, ಉಪ್ಪು, ಕೊಪಾಲ್ ಧೂಪ, ಪಾನ್ ದೆ ಮುಯೆರ್ತೊ ಅನ್ನುವ ಸಿಹಿ ಬ್ರೆಡ್ಡು, ಸಕ್ಕರೆಯ ಬುರುಡೆ, ಜೊತೆಗೆ ಹೋದವರಿಗೆ ಏನೇನು ಇಷ್ಟವೋ ಅದೆಲ್ಲ ಇರುತ್ತದೆ. ಮಂಡ್ಯ, ಮೈಸೂರು ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದ ಬಾಡೂಟ, ಬೀಡಿ, ಒಂದು ಕ್ವಾರ್ಟರು ಎಲ್ಲ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವ ಮನೆಗಳು ನಮ್ಮಲ್ಲೂ ಇವೆ ಅಲ್ವಾ. ಇಲ್ಲಿ ಬಾಗಿಲು ತೆರೆದೇ ಇರುತ್ತದೆ. ಹೊಸ್ತಿಲಿಂದ ಒಫ್ರೆಂದಾದವರೆಗೆ ಹೂವಿನ ಎಸಳು ಉದುರಿಸಿ ದಾರಿ ಮಾಡುತ್ತಾರೆ.

ಆ ಹೂವೇ ಸೆಂಪಾಸೂಚಿಲ್. ನಮ್ಮ ಚೆಂಡು ಹೂವೇ ಅದು, ಬೇರೆ ಏನೂ ಅಲ್ಲ. ಅದರ ತವರು ಮೆಕ್ಸಿಕೊ. ಯುರೋಪಿನವರು ಈ ಕಡೆ ಹಡಗಿನಲ್ಲಿ ಓಡಾಡಲು ಶುರು ಮಾಡಿದ ಮೇಲೆ ಅದು ನಮ್ಮ ಕಡೆಗೂ ಬಂತು. ನಾವು ಇದನ್ನು ಆಯುಧಪೂಜೆಗೆ ಲಾರಿಗೂ ಬಸ್ಸಿಗೂ ಕಟ್ಟುತ್ತೇವೆ, ಮದುವೆ ಚಪ್ಪರಕ್ಕೂ ಕಟ್ಟುತ್ತೇವೆ ಅಂದಾಗ ದೋನ್ಯಾ ನನ್ನನ್ನು ಒಂದು ಥರ ನೋಡಿದರು. ಸತ್ತವರ ಹೂವನ್ನು ಮದುಮಗಳ ಕೊರಳಿಗೆ ಹಾಕುತ್ತೀರಾ ಅಂತ ಕೇಳಿದರು. ನಾನು ಫೋಟೊ ತೋರಿಸಿದೆ. ಆಮೇಲೆ ಆ ಫೋಟೊವನ್ನು ಮನೆಗೆ ಬಂದವರಿಗೆಲ್ಲ ತೋರಿಸುವ ಹಾಗೆ ಮಾಡಿದರು.

ಹಾಗಾದರೆ ನಿಜವಾದ ಹೂವಿರುವಾಗ ಕಾಗದ ಯಾಕೆ? ಇದು ಸರಿಯಾದ ಪ್ರಶ್ನೆ. ಪುಯೆಬ್ಲಾ ರಾಜ್ಯದಲ್ಲಿ ಈ ಹೂವಿಗೆ ಬರವಿಲ್ಲ. ಆತ್ಲಿಸ್ಕೊ ಸುತ್ತಮುತ್ತಲ ಹೊಲಗಳು ಅಕ್ಟೋಬರಿನಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ, ಹಿಂದೆ ಪೊಪೊಕಾತೆಪೆತ್ಲ್ ಜ್ವಾಲಾಮುಖಿ ಹೊಗೆ ಬಿಡುತ್ತಾ ನಿಂತಿರುತ್ತದೆ. ದೋನ್ಯಾ ಹೇಳುವುದು ಇಷ್ಟೇ: ಹೋದವರು ದಾರಿ ಹುಡುಕುವುದು ವಾಸನೆಯಿಂದ, ಕಾಗದಕ್ಕೆ ವಾಸನೆ ಇಲ್ಲ, ಆದ್ದರಿಂದ ನೆಲದ ಮೇಲೂ ಫೋಟೊ ಮುಂದೆಯೂ ನಿಜವಾದ ಹೂವೇ ಬೇಕು. ಅಲ್ಲಿ ಚೌಕಾಸಿ ಇಲ್ಲ. ಆದರೆ ಕಮಾನಿನ ಮೇಲೆ ನೀರಿಲ್ಲದೆ ಕಟ್ಟಿದ ಹೂ ನಾಲ್ಕೈದು ದಿನದಲ್ಲಿ ತಲೆ ಬಗ್ಗಿಸಿ ಕಂದು ತಿರುಗುತ್ತದೆ. ಒಫ್ರೆಂದಾ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 3ರವರೆಗಾದರೂ ನಿಲ್ಲಬೇಕು. ಸಮಾಧಿಯ ಮೇಲೆ ಇಡುವ ಹೂಚಕ್ರ ಇನ್ನೂ ತಿಂಗಳುಗಟ್ಟಲೆ ಬಿಸಿಲಲ್ಲಿ ಇರಬೇಕು. ಎತ್ತರಕ್ಕೆ ಮತ್ತು ಹೊರಗೆ ಕಾಗದ, ಕೆಳಗೆ ಮತ್ತು ಹತ್ತಿರಕ್ಕೆ ಹೂ. ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ಕಾಗದದ ಹೂವನ್ನು ನಿಜದ್ದರ ಬದಲಿಗೆ ಅಂತ ಮಾಡಿದರೆ ಅದು ಯಾವಾಗಲೂ ಸೋಲುತ್ತದೆ. ನಿಜದ್ದು ಸೋಲುವ ಜಾಗಕ್ಕೆ ಅಂತ ಮಾಡಿದರೆ ಕೆಲಸದ ರೀತಿಯೇ ಬದಲಾಗುತ್ತದೆ.

ಕಾಗದದ ವಿಷಯಕ್ಕೆ ಬರೋಣ. ಇಲ್ಲಿನ ಪಾಪೆಲೆರಿಯಾದಲ್ಲಿ, ಅಂದರೆ ಕಾಗದ ಪೆನ್ನು ಮಾರುವ ಅಂಗಡಿಯಲ್ಲಿ, ಎರಡು ಥರದ್ದು ಸಿಗುತ್ತದೆ. ಒಂದು ಪಾಪೆಲ್ ದೆ ಚೀನಾ, ನಮ್ಮ ಗಾಳಿಪಟದ ಕಾಗದಕ್ಕಿಂತಲೂ ಮೆತ್ತಗಿನ ತೆಳು ಹಾಳೆ, ಅಳತೆ 50×75 ಸೆಂ.ಮೀ. ಕಮಾನುಗಳಿಗೆ ತೋರಣದ ಹಾಗೆ ಕಟ್ಟುವ ಪಾಪೆಲ್ ಪಿಕಾದೊ ಕೂಡ ಈ ಹಾಳೆಯಲ್ಲೇ ಆಗುವುದು. ಅದಕ್ಕೆ ಹೆಸರಾದ ಊರು ಇದೇ ರಾಜ್ಯದ ಸಾನ್ ಸಾಲ್ವದೋರ್ ವಿಸ್ಕೊಲೊತ್ಲಾ. ಅಲ್ಲಿ ಹತ್ತಾರು ಹಾಳೆಗಳನ್ನು ಒಟ್ಟಿಗೆ ಜೋಡಿಸಿ, ಸಣ್ಣ ಸಣ್ಣ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಚಿತ್ತಾರ ಕೊರೆಯುತ್ತಾರೆ. ಅದಕ್ಕೆ ನಾನು ಕೈ ಹಾಕಲಿಲ್ಲ, ಕೊಂಡು ತಂದದ್ದೇ. ಎರಡನೆಯದು ಕ್ರೇಪ್ ಪೇಪರ್, ಸುಕ್ಕು ಸುಕ್ಕಾಗಿ ಎಳೆದರೆ ಹಿಗ್ಗುವಂಥದ್ದು, 50 ಸೆಂ.ಮೀ. ಅಗಲ 2 ಮೀಟರ್ ಉದ್ದದ ಮಡಿಕೆಯಾಗಿ ಸಿಗುತ್ತದೆ. ಕಮಾನಿಗೆ ತೆಳು ಹಾಳೆ, ಸಮಾಧಿಗೆ ಕ್ರೇಪ್ ಅಂತ ತೀರ್ಮಾನಿಸಿದೆ. ಕಾರಣ ಮುಂದೆ ಬರುತ್ತದೆ.

ಬಣ್ಣ ಆರಿಸುವಾಗ ಒಂದು ಮಾತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಿತ್ತಳೆಯೂ ಒಂದೇ ಥರ ಕಾಣುತ್ತದೆ. ಹಾಳೆಯನ್ನು ಬಾಗಿಲ ಹತ್ತಿರ ಹಿಡಿದು, ಒಂದು ಪದರ ಅಲ್ಲ ನಾಲ್ಕು ಪದರ ಮಡಿಚಿ ನೋಡಬೇಕು, ಯಾಕೆಂದರೆ ಹೂವಿನಲ್ಲಿ ಕಾಣುವುದು ಪದರಗಳ ಬಣ್ಣ. ನಾನು ಮೂರು ತೆಗೆದುಕೊಂಡೆ: ಗಾಢ ಕಿತ್ತಳೆ, ಸಾದಾ ಕಿತ್ತಳೆ, ಮೊಟ್ಟೆಯ ಹಳದಿ. ಒಂದೇ ಬಣ್ಣದಲ್ಲಿ ಐವತ್ತು ಹೂ ಮಾಡಿದರೆ ದೂರದಿಂದ ಒಂದು ಬಣ್ಣದ ಪಟ್ಟಿ ಮಾತ್ರ ಕಾಣುತ್ತದೆ, ಹೂ ಕಾಣುವುದಿಲ್ಲ.

ಈಗ ಹೂ. ಮೊದಲು ನಿಜವಾದದ್ದನ್ನು ಒಂದು ಸೀಳಿ ನೋಡಿ, ಇದನ್ನು ಯಾರೂ ಮಾಡುವುದಿಲ್ಲ. ಬ್ಲೇಡಿನಿಂದ ಮೇಲಿಂದ ಕೆಳಕ್ಕೆ ಎರಡು ಹೋಳು. ನಾವು ಒಂದು ಹೂ ಅನ್ನುವುದು ಅಸಲಿಗೆ ನೂರಾರು ಪುಟ್ಟ ಹೂಗಳ ಗುಂಪು, ಒಂದೊಂದು ಎಸಳೂ ಒಂದೊಂದು ಹೂ. ಹೊರಗಿನವು ಉದ್ದ, ಒಳಗೆ ಹೋದಂತೆ ಗಿಡ್ಡ, ನಡುವಿನವು ಇನ್ನೂ ಪೂರ್ತಿ ಬಿಚ್ಚದೆ ಗಾಢವಾಗಿ ಒತ್ತಿಕೊಂಡಿರುತ್ತವೆ. ಕೆಳಗೆ ಎಲ್ಲವನ್ನೂ ಹಿಡಿದಿಟ್ಟುಕೊಂಡ ಒಂದು ಉದ್ದನೆಯ ಹಸಿರು ಬಟ್ಟಲು. ಸಾಮಾನ್ಯ ಕಾಗದದ ಹೂವಿನಲ್ಲಿ ಎಲ್ಲ ಪದರವೂ ಒಂದೇ ಉದ್ದ, ಹಾಗಾಗಿ ನಡುವಿನ ಪದರ ಎತ್ತಿದಾಗ ಅದು ಜುಟ್ಟಿನ ಹಾಗೆ ಮೇಲೆದ್ದು ನಿಲ್ಲುತ್ತದೆ. ಪದರ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂತ ಕೆಲವರು ಹತ್ತು, ಹನ್ನೆರಡು ಹಾಳೆ ಹಾಕುತ್ತಾರೆ. ಸರಿಹೋಗುವುದಿಲ್ಲ, ಜುಟ್ಟು ಇನ್ನೂ ದಪ್ಪವಾಗುತ್ತದೆ ಅಷ್ಟೇ. ಪದರದ ಸಂಖ್ಯೆ ಮುಟ್ಟಬೇಡಿ, ಪದರದ ಉದ್ದ ಬದಲಿಸಿ.

ಲೆಕ್ಕ ಹೀಗೆ. 50×75 ಹಾಳೆಯನ್ನು ನಾಲ್ಕು ಸಲ ಅರ್ಧಕ್ಕೆ ಮಡಿಚಿ ಮಡಿಕೆಯಲ್ಲಿ ಕತ್ತರಿಸಿದರೆ 18.75×12.5 ಸೆಂ.ಮೀ.ಯ 16 ತುಂಡು ಬರುತ್ತವೆ. ಒಂದು ಹೂವಿಗೆ 8, ಅಂದರೆ ಒಂದು ಹಾಳೆಗೆ ಎರಡು ಹೂ, ಒಂದು ಚೂರೂ ದಂಡವಿಲ್ಲ. ಬಣ್ಣ ಬೆರೆಸುವುದಾದರೆ ಎರಡು ಮೂರು ಬಣ್ಣದ ಹಾಳೆ ಒಟ್ಟಿಗೆ ಕತ್ತರಿಸಿ ಹಂಚಿಕೊಳ್ಳಿ. 18.75ರ ಉದ್ದವನ್ನು ಹಾಗೇ ಬಿಡಿ. ಎಸಳಿನ ಉದ್ದವಾಗುವ 12.5ರ ಅಗಲವನ್ನು ಮಾತ್ರ ಜೋಡಿ ಜೋಡಿಯಾಗಿ ಇಳಿಸುತ್ತಾ ಹೋಗಿ: ಕೆಳಗಿನ ಎರಡು ಪದರ 12.5, ಮುಂದಿನ ಎರಡು 11, ಮುಂದಿನವು 9.5, ಎಲ್ಲಕ್ಕಿಂತ ಮೇಲಿನವು 8. ಎರಡೂ ಬದಿಯಿಂದ ಸಮನಾಗಿ ಕತ್ತರಿಸಬೇಕು, ಇಲ್ಲವಾದರೆ ನಡುಗೆರೆ ತಪ್ಪುತ್ತದೆ. ರಟ್ಟಿನಲ್ಲಿ ನಾಲ್ಕು ಅಳತೆ ಪಟ್ಟಿ ಮಾಡಿಟ್ಟುಕೊಂಡರೆ ಪ್ರತಿ ಸಲ ಸ್ಕೇಲ್ ಹಿಡಿಯಬೇಕಿಲ್ಲ. ಕೆಳಗೆ ಹಳದಿ ಅಥವಾ ಸಾದಾ ಕಿತ್ತಳೆ, ಮೇಲಿನ ಎರಡಕ್ಕೆ ಗಾಢ ಕಿತ್ತಳೆ. ನಡು ಗಾಢವಾಗಿದ್ದರೆ ಹೂವಿಗೆ ಆಳ ಬರುತ್ತದೆ. ಕತ್ತರಿಸಿ ಉಳಿದ ಸಣ್ಣ ಪಟ್ಟಿಗಳನ್ನು ಬಿಸಾಡಬೇಡಿ, ಒಂದು ಡಬ್ಬಕ್ಕೆ ಹಾಕಿಡಿ.

ಅಂಚು ನೇರವಾಗಿ ಇರಬಾರದು. ಚೆಂಡು ಹೂವಿನ ಎಸಳಿನ ತುದಿ ಅಲೆ ಅಲೆಯಾಗಿ, ಸ್ವಲ್ಪ ಹರಿದ ಹಾಗೆ ಇರುತ್ತದೆ. ಟೈಲರ್‌ಗಳು ಬಟ್ಟೆಯ ಅಂಚಿಗೆ ಬಳಸುವ ಝಿಗ್‌ಜಾಗ್ ಕತ್ತರಿ ಇದಕ್ಕೆ ಸರಿಯಾದ ಸಾಮಾನು. ಒಂದೇ ತೊಂದರೆ, ಅದು ತೆಳು ಕಾಗದವನ್ನು ಕತ್ತರಿಸುವ ಬದಲು ಅಗಿಯುತ್ತದೆ. ತುಂಡುಗಳನ್ನು ನ್ಯೂಸ್‌ಪೇಪರಿನ ಎರಡು ಹಾಳೆಗಳ ನಡುವೆ ಇಟ್ಟು, ನ್ಯೂಸ್‌ಪೇಪರ್ ಸಮೇತ ಕತ್ತರಿಸಿದರೆ ಹಲ್ಲು ಚೊಕ್ಕವಾಗಿ ಬೀಳುತ್ತದೆ. ಹೀಗೆ ಎರಡೂ ಉದ್ದ ಅಂಚಿಗೆ ಹಲ್ಲು ಹಾಕಬೇಕು. ನೆರಿಗೆ ಹಿಡಿಯುವ ಮೊದಲೇ ಇದು ಮುಗಿಯಬೇಕು, ಯಾಕೆಂದರೆ ಪದರಗಳ ಉದ್ದ ಬೇರೆ ಬೇರೆ ಆದ್ದರಿಂದ ಆಮೇಲೆ ಎಲ್ಲವನ್ನೂ ಒಟ್ಟಿಗೆ ಕತ್ತರಿಸಲು ಆಗುವುದಿಲ್ಲ.

ಎಂಟೂ ಪದರ ನಡುಗೆರೆಗೆ ಸರಿಯಾಗಿ ಜೋಡಿಸಿ, ಒಂದೂವರೆ ಸೆಂ.ಮೀ. ಅಗಲದ ನೆರಿಗೆ ಹಿಡಿಯಿರಿ, ಮಡಿಕೆ ಗಿಡ್ಡ ಬದಿಗೆ ಸಮನಾಗಿ ಹೋಗಬೇಕು. ಸುಮಾರು 12 ನೆರಿಗೆ ಬರುತ್ತವೆ. ಸೀರೆ ಉಡುವವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ, ಬೆರಳೇ ಅಳತೆ ಹಿಡಿಯುತ್ತದೆ. ನೆರಿಗೆಯ ಕಟ್ಟನ್ನು ನಡುವಿನಲ್ಲಿ ಹಿಡಿದು ಎರಡೂ ಬದಿಗೆ ಮೂರು ಮಿಲಿಮೀಟರಿನ ಸಣ್ಣ ಕಚ್ಚು ಹಾಕಿ, ತಂತಿ ಅಲ್ಲಿ ಕೂತುಕೊಳ್ಳುತ್ತದೆ, ಜಾರುವುದಿಲ್ಲ. ಬರೀ ತಂತಿ ಬೇಡ, ಅದು ಕಾಗದವನ್ನು ಕೊಯ್ಯುತ್ತದೆ. ಮಕ್ಕಳ ಕ್ರಾಫ್ಟಿಗೆ ಸಿಗುವ, ಮೇಲೆ ನೂಲಿನ ರೋಮ ಇರುವ ಹಸಿರು ತಂತಿ ಒಳ್ಳೆಯದು. ಬಿಗಿ ಎಷ್ಟಿರಬೇಕು ಅಂದರೆ ನಡುವಿನ ಸೊಂಟ ಅರ್ಧ ಸೆಂ.ಮೀ. ಆಗಬೇಕು. ಅದಕ್ಕಿಂತ ಸಡಿಲವಾದರೆ ಹೂ ಎರಡು ಬೀಸಣಿಗೆಯಾಗಿ ಬೇರೆಯಾಗುತ್ತದೆ, ನಡುವೆ ಸಂದು ಕಾಣುತ್ತದೆ.

ಬಿಡಿಸುವುದು ಈ ಕೆಲಸದ ರುಚಿಯಾದ ಭಾಗ, ಅವಸರ ಮಾಡಿದರೆ ಕೆಡುವ ಭಾಗವೂ ಹೌದು. ಕೈ ಒಣಗಿರಬೇಕು. ಗಿಡ್ಡ ಪದರದಿಂದ ಶುರು ಮಾಡಿ. ಬಲಗಡೆಯ ಮೊದಲ ಪದರವನ್ನು ಅಂಚು ಹಿಡಿದು ಎಳೆಯಬಾರದು, ಬೆರಳನ್ನು ಪದರಗಳ ನಡುವೆ ಒಳಗಿನ ತನಕ ತೂರಿಸಿ ಬುಡದಿಂದ ನೆಟ್ಟಗೆ ಮೇಲೆತ್ತಬೇಕು. ನಂತರ ಎಡಗಡೆಯ ಮೊದಲ ಪದರ. ಹೀಗೆ ಬಲ, ಎಡ, ಬಲ, ಎಡ. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೂ ಒಂದು ಕಡೆಗೆ ವಾಲುತ್ತದೆ. ಮೇಲಿನ ನಾಲ್ಕು ಪದರ ಎತ್ತಿದ ಮೇಲೆ ನಡುವನ್ನು ಬೆರಳುಗಳಿಂದ ಒಮ್ಮೆ ಮೆತ್ತಗೆ ಒತ್ತಿ ಹಿಡಿಯಿರಿ, ಗಾಢ ಬಣ್ಣ ಒಟ್ಟಾಗಿ ಕೂರುತ್ತದೆ. 9.5 ಮತ್ತು 11ರ ಪದರಗಳು ಓರೆಯಾಗಿ ನಿಲ್ಲಲಿ. ಕೊನೆಯ ಜೋಡಿಯನ್ನು ಎತ್ತಲೇಬೇಡಿ, ಅಡ್ಡಕ್ಕೆ ಹರಡಿ, ತುದಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿ. ಆಗ ಪಕ್ಕದಿಂದ ನೋಡಿದರೂ ಚೆಂಡು ಹೂವಿನ ಆ ಗುಮ್ಮಟದ ಆಕಾರ ಬರುತ್ತದೆ. ದೋನ್ಯಾ ಮೊದಲ ಹೂವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಹಿಂಭಾಗ ನೋಡಿ, "ತೊಟ್ಟು ಎಲ್ಲಿ, ಮಿಹಾ?" ಅಂದರು. ಮಿಹಾ ಅಂದರೆ ಮಗಳೇ ಅಂತ. ಪ್ರೀತಿಗೂ ಅನ್ನುತ್ತಾರೆ, ತಪ್ಪು ಹುಡುಕುವಾಗಲೂ ಅನ್ನುತ್ತಾರೆ.

ತೊಟ್ಟು ಅಂದರೆ ಆ ಹಸಿರು ಬಟ್ಟಲು. ಗೋಡೆಗೆ ಅಂಟಿಸುವ ಹೂವಿಗೆ ಅದು ಬೇಕಿಲ್ಲ, ಆದರೆ ಕಮಾನಿನ ಅಂಚಿನಲ್ಲಿರುವ ಹೂವನ್ನು ಜನ ಪಕ್ಕದಿಂದಲೂ ಕೆಳಗಿನಿಂದಲೂ ನೋಡುತ್ತಾರೆ. 5 ಸೆಂ.ಮೀ. ಚೌಕದ ಹಸಿರು ಕ್ರೇಪ್ ತುಂಡನ್ನು ತಂತಿಯ ಸುತ್ತ ಸುತ್ತಿ, ಮೇಲಂಚು ಹೂವಿನ ಬುಡಕ್ಕೆ ತಾಗುವಂತೆ ಇಟ್ಟು, ಮೇಲಂಚನ್ನು ಹೆಬ್ಬೆರಳಿನಿಂದ ಸ್ವಲ್ಪ ಹಿಗ್ಗಿಸಿ, ಕೆಳಗೆ ದಾರ ಬಿಗಿದರೆ ಬಟ್ಟಲು ಸಿದ್ಧ. ಅಂಟು ಬೇಡ, ತೆಳು ಹಾಳೆ ಅಂಟು ಕುಡಿದು ಗಟ್ಟಿ ಕಲೆಯಾಗುತ್ತದೆ. ಎಲ್ಲ ಹೂವಿಗೂ ಮಾಡಲಿಲ್ಲ. ಅಂಚಿನ ಸಾಲಿಗೆ ಮಾತ್ರ ಮಾಡಿದೆ, ನಡುವಿನವು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಮಾನಿಗೆ ಇಲ್ಲಿ ಕಾರಿಸೊ ಅನ್ನುವ ಜೊಂಡಿನ ಥರದ ಟೊಳ್ಳು ಕೋಲು ಬಳಸುತ್ತಾರೆ, ಹಸಿ ಇರುವಾಗ ಚೆನ್ನಾಗಿ ಬಗ್ಗುತ್ತದೆ. ಮೇಜಿನ ಅಗಲ 1.2 ಮೀಟರ್, ಅದರ ಮೇಲೆ ಅರ್ಧ ಚಕ್ರದ ಕಮಾನು ಅಂದರೆ ಬಾಗಿದ ಉದ್ದ ಸುಮಾರು 1.9 ಮೀಟರ್. ಬಿಡಿಸಿದ ಹೂ 10 ಸೆಂ.ಮೀ. ಅಗಲ ಇರುತ್ತದೆ, ಒಂದಕ್ಕೊಂದು ಸ್ವಲ್ಪ ಒತ್ತಿಕೊಂಡಿರಲಿ ಅಂತ 8 ಸೆಂ.ಮೀ.ಗೆ ಒಂದು ಕಟ್ಟಿದೆ. ಒಂದು ಸಾಲಿಗೆ 24, ಎರಡು ಸಾಲು, ಮೇಲೆ ನೆತ್ತಿಗೆ ಎರಡು. ಒಟ್ಟು 50 ಹೂ, 25 ಹಾಳೆ. ಎರಡನೆಯ ಸಾಲಿನ ಹೂ ಮೊದಲ ಸಾಲಿನ ಸಂದಿಗೆ ಬರಬೇಕು, ಇಟ್ಟಿಗೆ ಕಟ್ಟುವ ಲೆಕ್ಕ. ಮುಖ್ಯವಾಗಿ, ಹೂವನ್ನು ಕಟ್ಟಿದ ಮೇಲೆ ಬಿಡಿಸಿ, ಬಿಡಿಸಿ ಕಟ್ಟಬೇಡಿ. ನೆರಿಗೆಯ ಕಟ್ಟಾಗಿಯೇ ಕಮಾನಿಗೆ ಸುತ್ತಿ, ಕಮಾನನ್ನು ಮೇಜಿನ ಮೇಲೆ ನಿಲ್ಲಿಸಿ, ಆಮೇಲೆ ಒಂದು ತುದಿಯಿಂದ ಬಿಡಿಸುತ್ತಾ ಬಂದರೆ ಒಂದು ಹೂವೂ ನಲುಗುವುದಿಲ್ಲ, ಪಕ್ಕದ ಹೂವಿಗೆ ಎಷ್ಟು ಜಾಗ ಬಿಡಬೇಕು ಅನ್ನೋದೂ ಅಲ್ಲೇ ಗೊತ್ತಾಗುತ್ತದೆ. ನಡುನಡುವೆ ಕೋಳಿಜುಟ್ಟು ಹೂವಿನ ಕಡುಗೆಂಪು ಗೊಂಚಲು ಸಿಕ್ಕಿಸಿದೆವು. ಅದು ನಿಜವಾದ ಹೂವೇ, ಆದರೆ ನೀರಿಲ್ಲದೆಯೂ ಒಣಗಿ ಬಣ್ಣ ಉಳಿಸಿಕೊಳ್ಳುತ್ತದೆ, ಹಾಗಾಗಿ ಕಾಗದದ ಪಕ್ಕದಲ್ಲಿ ಹೊಂದಿಕೊಂಡಿತು.

ದೀಪದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಒಫ್ರೆಂದಾದಲ್ಲಿ ಒಂದಲ್ಲ ಎರಡಲ್ಲ, ಒಬ್ಬೊಬ್ಬರ ಹೆಸರಿಗೂ ಒಂದೊಂದು ದೀಪ ಉರಿಯುತ್ತದೆ, ರಾತ್ರಿಯಿಡೀ. ತೆಳು ಕಾಗದ ಕಿಡಿಗೆ ಕಾಯುತ್ತಲೇ ಇರುತ್ತದೆ. ವೆಲಾದೋರಾ ಅಂತ ಗಾಜಿನ ಲೋಟದೊಳಗೆ ಉರಿಯುವ ಮೇಣದ ದೀಪ ಸಿಗುತ್ತದೆ, ಅದನ್ನೇ ಬಳಸಿ, ಅದನ್ನೂ ಕಮಾನಿನ ನೇರ ಕೆಳಗೆ ಇಡಬೇಡಿ. ಪಾಪೆಲ್ ಪಿಕಾದೊ ಗಾಳಿಗೆ ಎಷ್ಟು ದೂರ ಹಾರುತ್ತದೆ ಅಂತ ಮೊದಲು ಬಾಗಿಲು ತೆರೆದು ನೋಡಿ, ಆಮೇಲೆ ದೀಪದ ಜಾಗ ಗೊತ್ತು ಮಾಡಿ. ಕೊಪಾಲ್ ಕೆಂಡದ ಬಟ್ಟಲು ಮೇಜಿನ ಮೇಲೆ ಬೇಡವೇ ಬೇಡ, ನೆಲದ ಮೇಲೆ ಇರಲಿ.

ಇನ್ನು ಸಮಾಧಿಯ ಹೂಚಕ್ರ. ಇದು ಬೇರೆಯೇ ಕೆಲಸ. ತೆಳು ಹಾಳೆ ಹೊರಗೆ ಒಂದು ರಾತ್ರಿಯ ಇಬ್ಬನಿಗೇ ಮುದುಡುತ್ತದೆ. ಕ್ರೇಪ್ ಗಟ್ಟಿ, ಆದರೆ ಅದಕ್ಕೂ ನೀರು ಬಿದ್ದರೆ ಬಣ್ಣ ಬಿಡುತ್ತದೆ, ಬಿಳಿ ಕಲ್ಲಿನ ಮೇಲೆ ಕಿತ್ತಳೆ ಕಲೆ ಉಳಿದರೆ ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಹಳಬರ ಉಪಾಯ ಮೇಣದಲ್ಲಿ ಅದ್ದುವುದು. ಮೇಣ ಕುಡಿದ ಕಾಗದದ ಹೂಚಕ್ರಗಳು ಮೆಕ್ಸಿಕೊದಲ್ಲೂ, ಗಡಿಯಾಚೆ ದಕ್ಷಿಣ ಟೆಕ್ಸಸ್‌ನ ಮೆಕ್ಸಿಕನ್ ಮನೆಗಳಲ್ಲೂ ಹಿಂದಿನಿಂದ ಬಂದ ಪದ್ಧತಿ.

ಕ್ರೇಪ್ ಹೂ ನೆರಿಗೆಯದ್ದಲ್ಲ, ಸುರುಳಿಯದ್ದು. ಮಡಿಕೆಯನ್ನು ಬಿಚ್ಚದೆ ಹಾಗೇ ಇಟ್ಟು 50 ಸೆಂ.ಮೀ. ಬದಿಯಿಂದ 6 ಸೆಂ.ಮೀ.ಗೆ ಒಂದರಂತೆ ಕತ್ತರಿಸಿದರೆ 2 ಮೀಟರ್ ಉದ್ದದ 8 ಪಟ್ಟಿ ಸಿಗುತ್ತವೆ. ಹೀಗೆ ಕತ್ತರಿಸಿದಾಗ ಕಾಗದದ ಸುಕ್ಕುಗೆರೆ ಪಟ್ಟಿಯ ಅಡ್ಡಕ್ಕೆ, ಅಂದರೆ ಎಸಳಿನ ಉದ್ದಕ್ಕೆ ಬರುತ್ತದೆ. ಇದು ಉಲ್ಟಾ ಆದರೆ ಎಸಳು ನಿಲ್ಲುವುದಿಲ್ಲ, ಸುಮ್ನೆ ಜೋತು ಬೀಳುತ್ತದೆ. ಪಟ್ಟಿಗೆ 4 ಸೆಂ.ಮೀ. ಆಳದವರೆಗೆ, ಮುಕ್ಕಾಲು ಸೆಂ.ಮೀ.ಗೆ ಒಂದರಂತೆ ಸೀಳು ಹಾಕಿ, ಕೆಳಗಿನ 2 ಸೆಂ.ಮೀ. ಬುಡಕ್ಕೆ ಇರಲಿ. ಸೀಳಿದ ಎಸಳಿನ ತುದಿಯನ್ನು ದುಂಡಗೆ ಮಾಡಿ, ಎರಡು ಹೆಬ್ಬೆರಳಿನ ನಡುವೆ ಹಿಡಿದು ಅಡ್ಡಕ್ಕೆ ಸ್ವಲ್ಪ ಹಿಗ್ಗಿಸಿದರೆ ಎಸಳು ಬಟ್ಟಲಾಗುತ್ತದೆ. ಒಂದು ಹೂವಿಗೆ ಒಂದು ಮೀಟರ್ ಪಟ್ಟಿ ಸಾಕು, ಹಾಗಾಗಿ ಒಂದು ಮಡಿಕೆಗೆ 16 ಹೂ. ಇಲ್ಲೂ ಅದೇ ನಿಯಮ: ಪಟ್ಟಿಯ ಮೊದಲ 30 ಸೆಂ.ಮೀ.ಯಲ್ಲಿ ಎಸಳಿನ ತುದಿ ಕತ್ತರಿಸಿ ಗಿಡ್ಡ ಮಾಡಿ, ಮುಂದಿನ 30ರಲ್ಲಿ ಸ್ವಲ್ಪ ಕಡಿಮೆ ಗಿಡ್ಡ, ಉಳಿದದ್ದು ಪೂರ್ತಿ ಉದ್ದ. ಗಿಡ್ಡ ತುದಿಯಿಂದ ತಂತಿಗೆ ಸುತ್ತಲು ಶುರು ಮಾಡಿ, ಬುಡವನ್ನು ಸಣ್ಣ ಸಣ್ಣ ಸುಕ್ಕು ಹಿಡಿಯುತ್ತಾ ಸುತ್ತಿ, ಪ್ರತಿ ಎರಡು ಸುತ್ತಿಗೆ ಒಮ್ಮೆ ದಾರ ಬಿಗಿಯಿರಿ. ಕೊನೆಯಲ್ಲಿ ಒಂದೇ ಸಲ ಬಿಗಿದರೆ ಒಳಗಿನ ಸುರುಳಿ ಕೆಳಗೆ ಜಾರಿ ಹೂವಿನ ನಡುವೆ ಗುಂಡಿ ಬೀಳುತ್ತದೆ.

ಮೇಣ ಕಾಯಿಸುವಾಗ ಪಾತ್ರೆಯನ್ನು ನೇರ ಬೆಂಕಿಯ ಮೇಲೆ ಇಡಬೇಡಿ, ಇದನ್ನು ಜೋರಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಡಬ್ಬ. ಪುಯೆಬ್ಲಾ ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಮೇಣ ಮಿತಿ ಮೀರಿ ಕಾಯುವ ಭಯ ಇನ್ನೂ ಕಡಿಮೆ. ಆದರೂ ಪಕ್ಕದಲ್ಲಿ ಡಬ್ಬಕ್ಕೆ ಸರಿಯಾಗಿ ಕೂರುವ ಮುಚ್ಚಳ ಇಟ್ಟುಕೊಂಡಿರಬೇಕು. ಬೆಂಕಿ ಹತ್ತಿದರೆ ಮುಚ್ಚಬೇಕು, ನೀರು ಹಾಕಲೇಬಾರದು. ಅದ್ದಲು ಬೇಕಾದ ಬಿಸಿ 70 ಡಿಗ್ರಿಯ ಆಸುಪಾಸು, ಅಡುಗೆಯ ಥರ್ಮಾಮೀಟರ್ ಸಾಕು. ಜಾಸ್ತಿ ಬಿಸಿಯಾದರೆ ಮೇಣ ನೀರಾಗಿ ಕಾಗದಕ್ಕೆ ಇಳಿದು ಎಸಳೆಲ್ಲ ಅಂಟಿಕೊಂಡು ಕುಸಿಯುತ್ತದೆ, ಕಡಿಮೆಯಾದರೆ ದಪ್ಪ ಬಿಳಿ ಪದರ ಕಟ್ಟುತ್ತದೆ. ತಂತಿ ಹಿಡಿದು ಹೂವನ್ನು ತಲೆಕೆಳಗಾಗಿ ಅದ್ದಿ, ಎರಡು ಎಣಿಸುವಷ್ಟರಲ್ಲಿ ಮೇಲೆತ್ತಿ, ಡಬ್ಬದೊಳಗೇ ಒಮ್ಮೆ ತಿರುಗಿಸಿ ಕೊಡವಿ, ಮೇಣ ಗಟ್ಟಿಯಾಗುವ ಮೊದಲು ಎಸಳುಗಳನ್ನು ಕಡ್ಡಿಯಿಂದ ಬಿಡಿಸಿ. ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಆದ್ದರಿಂದ ಮೇಣಕ್ಕೆ ಅಂತ ಮಾಡುವ ಹೂವಿಗೆ ಮೊದಲೇ ತಿಳಿ ಕಿತ್ತಳೆ ಆರಿಸಿಕೊಳ್ಳಿ. ಹೀಗೆ ಮೇಣ ಹಚ್ಚಿದ ಹೂವನ್ನು ಮಾತ್ರ ಒಫ್ರೆಂದಾದ ಹತ್ತಿರಕ್ಕೂ ತರಬೇಡಿ. ಮೇಣ ಕುಡಿದ ಕಾಗದ ಅಂದರೆ ಅದೊಂದು ದೊಡ್ಡ ಬತ್ತಿಯೇ, ದೀಪದ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಈ ನಡುವೆ ಒಂದು ದಿನ ವಾಕೆಚುಲಾಗೆ ಹೋಗಿ ಬಂದೆವು, ಆತ್ಲಿಸ್ಕೊ ಆಚೆಗಿನ ಸಣ್ಣ ಊರು. ಆ ವರ್ಷ ಸಾವಾದ ಮನೆಗಳಲ್ಲಿ ಅಲ್ಲಿ ಕಟ್ಟುವ ಒಫ್ರೆಂದಾ ಹೆಚ್ಚು ಕಡಿಮೆ ಸೂರು ಮುಟ್ಟುತ್ತದೆ, ಮೂರು ಅಂತಸ್ತು, ಎಲ್ಲವೂ ಬಿಳಿ ಸ್ಯಾಟಿನ್ ಬಟ್ಟೆಯ ನೆರಿಗೆ. ಫೋಟೊವನ್ನು ನೇರ ನೋಡುವ ಹಾಗಿಲ್ಲ, ಎದುರಿಗಿಟ್ಟ ಕನ್ನಡಿಯಲ್ಲಿ ಅದರ ಬಿಂಬ ನೋಡಬೇಕು. ಗುರುತಿಲ್ಲದವರೂ ಒಳಗೆ ಹೋಗಬಹುದು, ಹೋದವರಿಗೆ ಬ್ರೆಡ್ಡು, ಚಾಕೊಲೇಟ್ ಕೊಡುತ್ತಾರೆ. ರಸ್ತೆಯಿಂದ ಬಾಗಿಲವರೆಗೆ ಎಸಳಿನ ದಾರಿ. ಅಷ್ಟು ಬಿಳುಪಿನ ನಡುವೆ ಆ ಕಿತ್ತಳೆ ದಾರಿ ಹೇಗೆ ಎದ್ದು ಕಾಣುತ್ತದೆ ಅಂದರೆ, ನಮ್ಮ ಕಮಾನಿನಲ್ಲಿ ಬಣ್ಣ ಜಾಸ್ತಿಯಾಯಿತೇನೋ ಅನ್ನಿಸಿತು. ದೋನ್ಯಾಗೆ ಹೇಳಿದೆ. ಇದು ಅವರ ಊರಿನ ರೀತಿ, ನಮ್ಮ ಯಜಮಾನರಿಗೆ ಬಣ್ಣ ಇಷ್ಟ ಅಂದರು. ಅಲ್ಲಿಗೆ ಮುಗಿಯಿತು.

ನಮ್ಮ ಮನೆಯ ದಾರಿಗೆ ಡಬ್ಬದಲ್ಲಿಟ್ಟಿದ್ದ ಆ ಕಾಗದದ ಪಟ್ಟಿಗಳು ಕೆಲಸಕ್ಕೆ ಬಂದವು. ಮೆಟ್ಟಿಲಿನ ಮೇಲೆ ನಿಜವಾದ ಎಸಳು ಹಾಕಿದರೆ ತುಳಿದು ಜಾರುತ್ತದೆ, ಮೇಲಿನ ಮನೆಗಳಿಗೆ ವಯಸ್ಸಾದವರು ಓಡಾಡುತ್ತಾರೆ. ಹಾಗಾಗಿ ಮೆಟ್ಟಿಲಿನ ಗೋಡೆಯ ಬದಿಗೆ ಮಾತ್ರ ಕಾಗದದ ಚೂರು, ಹೊಸ್ತಿಲಿಂದ ಒಳಗೆ ನಿಜವಾದ ಎಸಳು. ಕಾಗದದ ದಾರಿ ವಾಸನೆಯಿಲ್ಲದೆ ಏನು ಪ್ರಯೋಜನ ಅಂತ ಅವರು ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ. ಚೂರುಗಳ ಮೇಲೆ ಒಂದು ಹಿಡಿ ನಿಜವಾದ ಎಸಳನ್ನು ಕೈಯಲ್ಲಿ ಹಿಸುಕಿ ಉಜ್ಜಿ ಉದುರಿಸಿದರು. ಹಿಸುಕಿದಾಗ ಚೆಂಡು ಹೂವಿನ ಆ ಖಾರ ವಾಸನೆ ಜಾಸ್ತಿ ಬರುತ್ತದೆ, ಕೆ.ಆರ್. ಮಾರ್ಕೆಟ್ಟಿನಲ್ಲಿ ದಸರಾ ಹೊತ್ತಿಗೆ ಓಡಾಡಿದವರಿಗೆ ಗೊತ್ತಿರುತ್ತದೆ. ನನ್ನ ತಾತನ ಫೋಟೊ ಕೂಡ ತಂದಿಡಲು ಹೇಳಿದರು. ಇಟ್ಟೆ. ಎಲೆ ಅಡಿಕೆ ಸಿಗಲಿಲ್ಲ, ಬೀಡಿಯೂ ಇಲ್ಲ, ಒಂದು ಸಿಗರೇಟು ಮತ್ತು ಲೋಟ ಕಾಫಿ.

ನವೆಂಬರ್ 3ರ ಮೇಲೆ ಬಿಚ್ಚುವ ಕೆಲಸ. ತೆಳು ಹಾಳೆಯ ಹೂವನ್ನು ಮತ್ತೆ ನೆರಿಗೆಯಾಗಿ ಮಡಿಚಿಡಲು ಹೋಗಬೇಡಿ, ಹರಿಯುತ್ತದೆ. ತಂತಿಯನ್ನು ರಟ್ಟಿನ ಡಬ್ಬದ ತಳಕ್ಕೆ ಚುಚ್ಚಿ ಹೂ ನಿಂತಿರುವ ಹಾಗೆ ಇಟ್ಟು, ಮುಚ್ಚಿ, ಕತ್ತಲೆ ಜಾಗದಲ್ಲಿ ಇಡಿ. ಬೆಳಕಿಗೆ ಗಾಢ ಕಿತ್ತಳೆ ಮಾಸಿದ್ದರೆ ಮುಂದಿನ ವರ್ಷಕ್ಕೆ ನಡುವಿನ ಗಿಡ್ಡ ಪದರಗಳನ್ನು ಮಾತ್ರ ಹೊಸದಾಗಿ ಕತ್ತರಿಸಿ, ಹಳೆಯ ಹೂವಿನ ನಡುವೆ ಎರಡನೇ ತಂತಿಯಿಂದ ಕಟ್ಟಬಹುದು. ಕೊಪಾಲ್ ಹೊಗೆ ಹಿಡಿದ ಹೂಗಳನ್ನು ಬೇರೆ ಡಬ್ಬಕ್ಕೆ ಹಾಕಿದ್ದೇನೆ, ಅವುಗಳ ಜಿಗುಟು ಉಳಿದವಕ್ಕೂ ಹತ್ತುತ್ತದೆ. ಸಮಾಧಿಯ ಹೂಚಕ್ರವನ್ನು ಹಾಗೇ ಬಿಟ್ಟು ಬಂದೆವು. ಅದರ ಹಿಂದಿನ ತಂತಿಯ ಚೌಕಟ್ಟಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದಿದ್ದೇನೆ, ಮೇಣದ ಹೂ ಕೆಟ್ಟರೂ ಚೌಕಟ್ಟು ಮುಂದಿನ ಸಲಕ್ಕೆ ಬರುತ್ತದೆ.